ಗಗನಸಖಿಯರ ಮುಷ್ಕರವೂ ಸಾಂಬ್ರಾದ ಪ್ರಯಾಣಿಕನೂ

ಬೈಲಹೊಂಗಲ ಸವದತ್ತಿಗಳ ಸೀಮೆಯ ಚಚಡಿಯಂತಹ ಊರಿನಲ್ಲಿ ಮುಷ್ಕರವೆಂಬುದರ ಸ್ವರೂಪವನ್ನು ಜನರು ಅರಿತಿರುವುದು ಮುಖ್ಯವಾಗಿ ಬಸ್ಸಿನ ಮೂಲಕ. 2021ರ ಏಪ್ರಿಲ್ 7ರಂದು ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಶ್ರೇಣಿಯನ್ನು ಕೇಳಿ ಕೆಲಸವನ್ನು ನಿಲ್ಲಿಸಿದಾಗ, ಸರಕಾರವು ಖಾಸಗಿ ಬಸ್ಸುಗಳನ್ನೂ ಮ್ಯಾಕ್ಸಿಕ್ಯಾಬುಗಳನ್ನೂ ನಿಲ್ದಾಣದ ಒಳಕ್ಕೇ ಬಿಟ್ಟುಕೊಂಡಿತು; ಜನರು ತುಸು ಹೆಚ್ಚು ಹಣವನ್ನು ತೆತ್ತು, ಒತ್ತಿ ಕುಳಿತು, ಹೇಗೋ ಊರು ಸೇರಿದರು. ಆ ಅನುಭವದಿಂದ ಹುಟ್ಟಿದ ಗ್ರಹಿಕೆಯನ್ನೇ ನಾವೀಗ ವಿಮಾನಕ್ಕೂ ಅನ್ವಯಿಸುತ್ತಿದ್ದೇವೆ. ಯರಗಟ್ಟಿ ನೇಸರಗಿಗಳ ಮಾರ್ಗವಾಗಿ ಬೆಳಗಾವಿಗೆ ಹೋಗುವವರಿಗೆ ಪಟ್ಟಣಕ್ಕಿಂತ ಮೊದಲೇ ಎದುರಾಗುವ ಸಾಂಬ್ರಾ ವಿಮಾನ ನಿಲ್ದಾಣವು ಇಂದು ಶ್ರೀಮಂತರಿಗೆ ಮಾತ್ರ ಮೀಸಲಾದ ಸ್ಥಳವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ಓದುವ ಮಗಳು, ದುಬೈಯಲ್ಲಿ ದುಡಿಯುವ ತಮ್ಮ, ಜರ್ಮನಿಯಲ್ಲಿಯೋ ಕೆನಡಾದಲ್ಲಿಯೋ ನೆಲೆಸಿದ ಅಳಿಯ, ಇವರೆಲ್ಲರ ಹೋಗುಬರುವಿಕೆಯಿಂದ ವಿಮಾನದ ಟಿಕೆಟ್ಟು ಒಕ್ಕಲುತನದ ಮನೆಯ ಖರ್ಚಿನ ಪಟ್ಟಿಯನ್ನೂ ಸೇರಿದೆ. ಆದುದರಿಂದ ವಿಮಾನದ ಮುಷ್ಕರವನ್ನು ಕುರಿತ ತಪ್ಪು ಕಲ್ಪನೆಗಳಿಗೆ ಬೆಲೆ ತೆರುವವರೂ ನಾವೇ.

2024ರ ಮೇ 7, ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆದ ದಿನ. ಅಂದು ಸಂಜೆಯ ಹೊತ್ತಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಕ್ಯಾಬಿನ್ ಸಿಬ್ಬಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಅಸ್ವಸ್ಥರೆಂದು ತಿಳಿಸತೊಡಗಿದರು. ಹಾಗೆ ತಿಳಿಸಿದವರ ಸಂಖ್ಯೆ ನೂರನ್ನು ಮೀರಿತು. ತೊಂಬತ್ತರಷ್ಟು ಹಾರಾಟಗಳು ಅಸ್ತವ್ಯಸ್ತವಾದುವು. ಟಾಟಾ ಸಮೂಹವು, ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಏರ್‌ಏಷ್ಯಾ ಇಂಡಿಯಾ ಎಂಬ ಹೆಸರಿನಲ್ಲಿ 2014ರಲ್ಲಿ ಹಾರಾಟವನ್ನಾರಂಭಿಸಿದ್ದ ಸಂಸ್ಥೆಯನ್ನು ಇದರೊಡನೆ ವಿಲೀನಗೊಳಿಸುತ್ತಿದ್ದ ಕಾಲವದು. ವೇತನ, ಹುದ್ದೆ, ಸಮಾನ ನಡವಳಿಕೆ ಇವುಗಳ ವಿಷಯದಲ್ಲಿ ಸಿಬ್ಬಂದಿಯ ಅಸಮಾಧಾನವು ತಿಂಗಳುಗಳಿಂದ ಮಡುಗಟ್ಟಿತ್ತು. ಸಂಸ್ಥೆಯು ಇಪ್ಪತ್ತೈದರಷ್ಟು ಮಂದಿಯನ್ನು ಕೆಲಸದಿಂದ ತೆಗೆಯಿತು. ಮೇ 9ರಂದು ದಿಲ್ಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಸಮಕ್ಷಮದಲ್ಲಿ ಸಂಧಾನವಾಗಿ ಅವರನ್ನು ಮರಳಿ ತೆಗೆದುಕೊಳ್ಳಲು ಒಪ್ಪಿತು. ಮೂರು ದಿನಗಳ ಈ ಗೊಂದಲದಲ್ಲಿ ಬೆಂಗಳೂರು, ಮಂಗಳೂರು, ಕೇರಳದ ನಿಲ್ದಾಣಗಳಿಂದ ಕೊಲ್ಲಿ ದೇಶಗಳಿಗೆ ಹೊರಟಿದ್ದವರೂ ಸಿಲುಕಿದರು. ನಮ್ಮಲ್ಲಿ ಪ್ರಚಲಿತವಾಗಿರುವ ಅನೇಕ ನಂಬಿಕೆಗಳನ್ನು ಒರೆಗೆ ಹಚ್ಚುವುದಕ್ಕೆ ಈ ಒಂದು ಪ್ರಸಂಗವೇ ಸಾಕು.

ಮೊದಲನೆಯ ನಂಬಿಕೆ ಇದು: ವಿಮಾನವನ್ನು ನಡೆಸುವವರು ಪೈಲಟ್ಟುಗಳಷ್ಟೇ, ನೀರು, ಚಹಾ ಕೊಡುವವರು ಬಾರದಿದ್ದರೆ ಪ್ರಯಾಣಿಕರು ಬುತ್ತಿ ಕಟ್ಟಿಕೊಂಡು ಹೋದರಾಯಿತು, ವಿಮಾನವನ್ನೇಕೆ ನಿಲ್ಲಿಸಬೇಕು? ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುವ ಈ ಪ್ರಶ್ನೆಯಲ್ಲಿ, ಕ್ಯಾಬಿನ್ ಸಿಬ್ಬಂದಿಯನ್ನು ಉಪಚಾರಕ್ಕೆ ನೇಮಿಸಲಾಗಿದೆಯೆಂಬ ಭ್ರಮೆಯಿದೆ. ಅವರನ್ನು ಕಾನೂನು ಕಡ್ಡಾಯಗೊಳಿಸಿರುವುದು ರಕ್ಷಣೆಗಾಗಿ. ಸ್ಥೂಲವಾಗಿ ಪ್ರತಿ ಐವತ್ತು ಆಸನಗಳಿಗೆ ಒಬ್ಬರಂತೆ ತರಬೇತಿ ಪಡೆದ ಪರಿಚಾರಕರು ಇರಲೇಬೇಕು. ಐವತ್ತು ಆಸನಗಳ ಚಿಕ್ಕ ವಿಮಾನಕ್ಕೆ ಒಬ್ಬರು, ಎಪ್ಪತ್ತೆಂಟು ಆಸನಗಳ ಎಟಿಆರ್‌ಗೆ ಇಬ್ಬರು, ನೂರ ಎಂಬತ್ತು ದಾಟಿದ ಬೋಯಿಂಗಿಗೆ ನಾಲ್ವರು. ಒಬ್ಬರು ಕಡಿಮೆಯಾದರೂ ಆ ವಿಮಾನವು ತುಂಬಿದ ಪ್ರಯಾಣಿಕರೊಡನೆ ನೆಲವನ್ನು ಬಿಡುವಂತಿಲ್ಲ. ಬಾಗಿಲುಗಳಲ್ಲಿ ಅರ್ಧದಷ್ಟು ಮಾತ್ರ ತೆರೆದಿದ್ದಾಗಲೂ ತುಂಬಿದ ವಿಮಾನವನ್ನು ತೊಂಬತ್ತು ಸೆಕೆಂಡುಗಳೊಳಗೆ ಖಾಲಿ ಮಾಡಲು ಸಾಧ್ಯವೆಂದು ಪರೀಕ್ಷೆಯಲ್ಲಿ ಸಿದ್ಧಪಡಿಸಿದ ಮೇಲೆಯೇ ಆ ಮಾದರಿಗೆ ಹಾರಲು ಅನುಮತಿ ದೊರೆಯುವುದು. ಆ ಸಿದ್ಧಿಯು ಬಾಗಿಲ ಬಳಿ ನಿಂತು ಕೂಗಿ ಹೇಳುವವರಿಲ್ಲದೆ ಆಗತಕ್ಕದ್ದಲ್ಲ. ಮುಷ್ಕರ ಮುಗಿದು ಒಂಬತ್ತೇ ದಿನಗಳಾಗಿದ್ದುವು: 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಇದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ವಿಮಾನವೊಂದರ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡು, ಅದು ಬೆಂಗಳೂರಿಗೇ ಮರಳಿ ಇಳಿಯಿತು, 179 ಪ್ರಯಾಣಿಕರನ್ನು ಕ್ಷಿಪ್ರವಾಗಿ ಹೊರಕ್ಕೆ ಇಳಿಸಿದರು. ಇಳಿಸಿದವರು ಹತ್ತು ದಿನಗಳ ಹಿಂದೆ ‘ಚಹಾ ಕೊಡುವವರು’ ಎನಿಸಿಕೊಂಡಿದ್ದ ವರ್ಗದವರೇ. ಬಸ್ಸಿನ ಮುಷ್ಕರದಲ್ಲಿ ಬೇರೆಡೆಯ ಚಾಲಕನನ್ನು ಕೂಡಿಸಿದಂತೆ ಇಲ್ಲಿ ಬೇರೊಂದು ಸಂಸ್ಥೆಯ ಪರಿಚಾರಕರನ್ನು ಕರೆತಂದು ನಿಲ್ಲಿಸುವುದೂ ಸುಲಭವಲ್ಲ, ಏಕೆಂದರೆ ತರಬೇತಿಯು ಆಯಾ ಮಾದರಿಯ ವಿಮಾನಕ್ಕೆ, ಅದರ ಬಾಗಿಲಿಗೆ, ಜಾರುಪಟ್ಟಿಗೆ ಸಂಬಂಧಿಸಿದ್ದು. ಆ ಮೇ ತಿಂಗಳಲ್ಲಿ ಏರ್ ಇಂಡಿಯಾ ಇಪ್ಪತ್ತು ಮಾರ್ಗಗಳಲ್ಲಿ ನೆರವಿಗೆ ಬಂದಾಗ ಕಳುಹಿಸಿದ್ದು ತನ್ನ ವಿಮಾನಗಳನ್ನೇ.

ಎರಡನೆಯದು, ರೋಗದ ರಜೆ ಹಾಕಿದರೆ ಅದು ಮುಷ್ಕರವೇ ಅಲ್ಲವೆಂಬ ಜಾಣ ವಾದ. ಅಂದು ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ವಿಮಾನ ಸಾರಿಗೆಯನ್ನು ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಎಣಿಸಿ, ಹದಿನಾಲ್ಕು ದಿನಗಳ ಮುಂಚಿತ ನೋಟೀಸಿಲ್ಲದೆ ಮುಷ್ಕರ ಹೂಡುವುದನ್ನು ನಿಷೇಧಿಸಿತ್ತು. ಅದನ್ನು ಬಳಸಿ ಹೋಗುವ ಹಾದಿಯೇ ಈ ರಜೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೂ, ಶೇಕಡಾ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಕೂಡಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಕರೆಯುತ್ತದೆ. ಪ್ರಯಾಣಿಕನಿಗೆ ಇದರ ಉಪಯೋಗವಿಷ್ಟೇ: ನೋಟೀಸು ಇಲ್ಲದ ಕಾರಣ ಇಂತಹ ನಿಲುಗಡೆಯ ಸುದ್ದಿ ಅವನಿಗೆ ಬರುವುದು ಹೊರಡುವ ಕೆಲವೇ ಗಂಟೆಗಳ ಮೊದಲು.

ಇನ್ನು ಹಣದ ವಿಷಯ. ಇಲ್ಲಿ ಪರಸ್ಪರ ವಿರುದ್ಧವಾದ ಎರಡು ನಂಬಿಕೆಗಳು ಒಂದೇ ಕಟ್ಟೆಯ ಮೇಲೆ ಕುಳಿತು ವಾದಿಸುತ್ತವೆ. ‘ಮುಷ್ಕರ ಬಂತೆಂದರೆ ರೊಕ್ಕ ಮುಳುಗಿತು’ ಎಂದು ಒಬ್ಬರು. ‘ವಿಮಾನ ತಪ್ಪಿಸಿದರೆ ಹತ್ತು ಸಾವಿರ ಪರಿಹಾರ ಕೊಡಲೇಬೇಕು’ ಎಂದು ಇನ್ನೊಬ್ಬರು. ಇಬ್ಬರೂ ತಪ್ಪು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಾವಳಿಯು ಎರಡು ಬಾಧ್ಯತೆಗಳನ್ನು ಪ್ರತ್ಯೇಕವಾಗಿಯೇ ಇರಿಸಿದೆ. ಸಂಸ್ಥೆಯು ತಾನಾಗಿ ಹಾರಾಟವನ್ನು ರದ್ದುಗೊಳಿಸಿದಲ್ಲಿ, ಪರ್ಯಾಯ ವಿಮಾನವೋ ಪೂರ್ಣ ಹಣವೋ, ಪ್ರಯಾಣಿಕನಿಗೆ ಒಪ್ಪಿಗೆಯಾದುದನ್ನು ಕೊಡಬೇಕಾದುದು ಮೊದಲನೆಯದು. ಮುಷ್ಕರವು ಇದನ್ನು ಕಿತ್ತುಕೊಳ್ಳುವುದಿಲ್ಲ. ಆಗಲೇ ನಿಲ್ದಾಣಕ್ಕೆ ಬಂದು ಪರ್ಯಾಯ ವಿಮಾನಕ್ಕಾಗಿ ಕಾದಿರುವವರಿಗೆ ಊಟೋಪಚಾರವೂ ಸಲ್ಲತಕ್ಕದ್ದು. ಸಕಾಲದಲ್ಲಿ ತಿಳಿಸದೆ ರದ್ದುಪಡಿಸಿದುದಕ್ಕಾಗಿ ಕೊಡುವ ಪರಿಹಾರವು ಎರಡನೆಯದು: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕೂ ಮೀರಿದರೆ 10,000, ಅಥವಾ ಮೂಲ ದರವೂ ಇಂಧನದ ಶುಲ್ಕವೂ ಕೂಡಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಈ ಪರಿಹಾರಕ್ಕೆ ಮಾತ್ರ ಪ್ರವಾಹ, ದಂಗೆ, ಅಂತರ್ಯುದ್ಧಗಳ ಸಾಲಿನಲ್ಲಿ ಮುಷ್ಕರವನ್ನೂ ಕಾರ್ಮಿಕ ವಿವಾದವನ್ನೂ ಇರಿಸಿ ವಿನಾಯಿತಿ ಕೊಟ್ಟಿದ್ದಾರೆ. ತನ್ನ ನೌಕರರೊಡನೆ ತಾನೇ ಕೆಡಿಸಿಕೊಂಡ ಸಂಬಂಧವನ್ನು ನೆರೆಹಾವಳಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆದರೆ ನಿಯಮವಿರುವುದು ಹಾಗೆ.

ಈ ಭೇದವನ್ನು ಅರಿಯದವರು ಮಾಡುವ ಅತ್ಯಂತ ದುಬಾರಿಯಾದ ತಪ್ಪು ಅವಸರ. ದೂರದರ್ಶನದಲ್ಲಿ ಮುಷ್ಕರದ ಸುದ್ದಿ ಹರಿದಾಡಿದೊಡನೆ, ಮೊದಲು ರದ್ದು ಮಾಡಿದವರಿಗೆ ಮೊದಲು ಹಣವೆಂಬ ಭಾವನೆಯಿಂದ, ತಮ್ಮ ಟಿಕೆಟ್ಟನ್ನು ತಾವೇ ರದ್ದುಪಡಿಸಿಬಿಡುತ್ತಾರೆ. ಸಂಸ್ಥೆಯು ರದ್ದುಪಡಿಸಿದ ಟಿಕೆಟ್ಟಿಗೆ ಪೂರ್ಣ ಹಣ. ಪ್ರಯಾಣಿಕನು ರದ್ದುಪಡಿಸಿದ ಟಿಕೆಟ್ಟಿಗೆ ಶುಲ್ಕ ಕಳೆದು ಉಳಿದ ಚಿಲ್ಲರೆ. ಹಾರಾಟವು ರದ್ದಾಯಿತೆಂಬ ಸಂದೇಶ ಬರುವವರೆಗೆ, ಅಥವಾ ಶುಲ್ಕವಿಲ್ಲದೆ ದಿನಾಂಕ ಬದಲಿಸಿಕೊಳ್ಳಬಹುದೆಂದು ಸಂಸ್ಥೆಯೇ ಪ್ರಕಟಿಸುವವರೆಗೆ ಕೈಕಟ್ಟಿ ಕುಳಿತಿರುವುದೇ ಇಲ್ಲಿ ಲಾಭ. 2024ರ ಮೇ ತಿಂಗಳಲ್ಲಿ ಪೂರ್ಣ ಹಣ ಅಥವಾ ಶುಲ್ಕರಹಿತವಾದ ಬೇರೆ ದಿನಾಂಕ, ಇವೆರಡರಲ್ಲಿ ಒಂದನ್ನು ವಾಟ್ಸಾಪಿನ ಮೂಲಕವೇ ಆರಿಸಿಕೊಳ್ಳಲು ಆ ಸಂಸ್ಥೆಯು ಅವಕಾಶ ಕೊಟ್ಟಿತ್ತು. ನಿಲ್ದಾಣದ ಕಿಟಕಿಯ ಮುಂದೆ ಸಾಲುಗಟ್ಟಿ ನಿಂತವರಿಗಿಂತ ಮನೆಯಲ್ಲಿ ಮೊಬೈಲು ಹಿಡಿದವನು ಮುಂದಿದ್ದನು. ‘ಹಣ ಮರಳಿಸಲಾಗದು’ ಎಂದು ಟಿಕೆಟ್ಟಿನ ಮೇಲೆ ಅಚ್ಚಾಗಿದ್ದರೂ ಅದು ಪ್ರಯಾಣಿಕನ ಮನಸ್ಸು ಬದಲಾದಾಗಿನ ಮಾತು, ಸಂಸ್ಥೆಯ ವಿಮಾನ ಹಾರದಿದ್ದಾಗಿನದಲ್ಲ. ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮೆ ಇಟ್ಟುಕೊಳ್ಳುವೆವೆಂದು ಅವರು ಹೇಳಿದರೆ, ಒಪ್ಪುವುದೂ ಬಿಡುವುದೂ ಪ್ರಯಾಣಿಕನ ಇಚ್ಛೆಗೆ ಬಿಟ್ಟುದು.

ನಮ್ಮ ಸೀಮೆಯವರು ಬಹುಪಾಲು ಟಿಕೆಟ್ಟುಗಳನ್ನು ಪೇಟೆಯ ಏಜೆಂಟರಿಂದ ತೆಗೆಸುತ್ತಾರೆ. ಏಜೆಂಟನು ಅನುಕೂಲಕ್ಕೆಂದು ತನ್ನದೇ ಮೊಬೈಲ್ ಸಂಖ್ಯೆಯನ್ನು ತುಂಬಿರುತ್ತಾನೆ. ವಿಮಾನ ರದ್ದಾದ ಸಂದೇಶವು ನಡುರಾತ್ರಿಯಲ್ಲಿ ಅವನ ಮೊಬೈಲಿಗೆ ಬಂದು ಬೀಳುತ್ತದೆ. ಪ್ರಯಾಣಿಕನು ನಸುಕಿನಲ್ಲಿ ಬಾಡಿಗೆ ಕಾರು ಮಾಡಿಕೊಂಡು ಸಾಂಬ್ರಾಕ್ಕೆ ಹೋಗಿ ಮುಚ್ಚಿದ ಕೌಂಟರನ್ನು ನೋಡುತ್ತಾನೆ. ಟಿಕೆಟ್ಟು ತೆಗೆಸುವಾಗ ಸರಿಯಾದ ಸಂಪರ್ಕ ವಿವರಗಳನ್ನು ಕೊಡದವನಿಗೆ ಪರಿಹಾರದ ಹಕ್ಕೂ ಇಲ್ಲವೆಂದು ನಿಯಮವೇ ಹೇಳುತ್ತದೆ. ಏಜೆಂಟನ ಮೂಲಕ ಕೊಂಡ ಟಿಕೆಟ್ಟಿನ ಹಣಕ್ಕೆ ಏಜೆಂಟನನ್ನೇ ಕೇಳಬೇಕೆಂದು ಹೇಳಿ ಸಂಸ್ಥೆಯು ನುಣುಚಿಕೊಳ್ಳುವಂತಿಲ್ಲ. ಏಜೆಂಟನು ಅದರ ಪ್ರತಿನಿಧಿಯೆಂದೇ ಲೆಕ್ಕ.

ಆದರೆ ಸಾಂಬ್ರಾದಿಂದ ಹೊರಡುವವರು ಎಲ್ಲಕ್ಕಿಂತ ಮಿಗಿಲಾಗಿ ಅರಿಯಬೇಕಾದುದು ಮತ್ತೊಂದಿದೆ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು ಸಂಸ್ಥೆಯ ಅಗ್ಗದ ಟಿಕೆಟ್ಟನ್ನೂ, ಬೆಂಗಳೂರಿನಿಂದ ದುಬೈಗೆ ಇನ್ನೊಂದು ಸಂಸ್ಥೆಯ ಅಗ್ಗದ ಟಿಕೆಟ್ಟನ್ನೂ ಬೇರೆ ಬೇರೆಯಾಗಿ ಕೊಂಡು, ಒಂದರ ತೊಂದರೆಗೆ ಇನ್ನೊಂದು ಹೊಂದಿಕೊಳ್ಳುವುದೆಂದು ನಂಬಿರುವವರು ಅನೇಕರು. ಕಾನೂನಿನ ಕಣ್ಣಿನಲ್ಲಿ ಅವು ಸಂಬಂಧವಿಲ್ಲದ ಎರಡು ಕರಾರುಗಳು. ಮೊದಲನೆಯ ವಿಮಾನವು ಮುಷ್ಕರದಿಂದ ನಿಂತರೆ ಅದರ ಹಣವಷ್ಟೇ ಬರುವುದು; ದುಬೈ ವಿಮಾನಕ್ಕೆ ಬಾರದವನೆಂದು ಎರಡನೆಯ ಸಂಸ್ಥೆಯು ಬರೆದುಕೊಳ್ಳುವುದು. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ ಕೊನೆಯ ಊರು ಮುಟ್ಟಿಸುವ ಹೊಣೆ ಸಂಸ್ಥೆಯದು. ಅಲ್ಲಿಯೂ ಒಂದು ಎಡವುಗಲ್ಲಿದೆ: ಬೆಳಗಾವಿಯ ಹಾರಾಟ ತಪ್ಪಿತೆಂದು, ಯಾರಿಗೂ ತಿಳಿಸದೆ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂದಿನ ವಿಮಾನವನ್ನು ಹಿಡಿಯುವೆನೆಂದು ಹೊರಡುವ ಜಾಣನ ಟಿಕೆಟ್ಟು, ಮೊದಲ ಹಂತವನ್ನು ಬಳಸಲಿಲ್ಲವೆಂಬ ಕಾರಣದಿಂದ ಪೂರ್ತಿಯಾಗಿ ರದ್ದಾಗಿರಬಹುದು. ರೈಲು ಹತ್ತುವ ಮುನ್ನ ಸಂಸ್ಥೆಗೆ ತಿಳಿಸಿ, ಮುಂದಿನ ಹಂತವನ್ನು ಉಳಿಸಿಕೊಂಡುದಕ್ಕೆ ಬರಹದ ರೂಪದಲ್ಲಿ ಒಪ್ಪಿಗೆ ಪಡೆದಿರಬೇಕು.

ಎಲ್ಲ ದೇಶಗಳಲ್ಲಿಯೂ ನಿಯಮ ಒಂದೇ ಎಂಬುದು ಕೂಡ ಹುಸಿ. ಜರ್ಮನಿಯಲ್ಲಿ 2016ರ ಅಕ್ಟೋಬರಿನಲ್ಲಿ ಟೂಯಿಫ್ಲೈ ಸಂಸ್ಥೆಯ ನೌಕರರು ಪುನರ್ರಚನೆಯ ಸುದ್ದಿ ಕೇಳಿ ಗುಂಪಾಗಿ ರೋಗದ ರಜೆ ಹಾಕಿದರು. ಒಂದು ಹಂತದಲ್ಲಿ ಕ್ಯಾಬಿನ್ ಸಿಬ್ಬಂದಿಯಲ್ಲಿ ಶೇಕಡಾ 62ರಷ್ಟು ಮಂದಿ ಗೈರು. ನಮ್ಮ 2024ರ ಮೇ ತಿಂಗಳ ಕಥೆಯನ್ನೇ ಹೋಲುವ ಆ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯವು 2018ರ ಏಪ್ರಿಲ್ 17ರಂದು, ಸಂಸ್ಥೆಯ ಸ್ವಂತ ನಿರ್ಧಾರದಿಂದ ಹುಟ್ಟಿದ ಇಂತಹ ನಿಲುಗಡೆಯು ಅಸಾಧಾರಣ ಸಂದರ್ಭವಲ್ಲ, ಪರಿಹಾರ ಕೊಡತಕ್ಕದ್ದೆಂದು ತೀರ್ಪಿತ್ತಿತು. 2021ರಲ್ಲಿ ಸಂಘವೇ ಕರೆಕೊಟ್ಟ ಪೈಲಟ್ಟುಗಳ ಮುಷ್ಕರಕ್ಕೂ ಅದೇ ನ್ಯಾಯವನ್ನು ವಿಸ್ತರಿಸಿತು. ಹೀಗಾಗಿ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಹೊರಟ ಯಾವ ಸಂಸ್ಥೆಯ ವಿಮಾನವೇ ಆಗಲಿ ತನ್ನ ಸಿಬ್ಬಂದಿಯ ಮುಷ್ಕರದಿಂದ ಕೊನೆಗಳಿಗೆಯಲ್ಲಿ ರದ್ದಾದರೆ, ಪರ್ಯಾಯ ವಿಮಾನವಲ್ಲದೆ 600 ಯೂರೋಗಳವರೆಗೆ ಕೇಳಬಹುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವಾಗ ಲುಫ್ತಾನ್ಸಾದಲ್ಲಿ ಟಿಕೆಟ್ಟಿದ್ದವನಿಗೆ ಆ ಹಕ್ಕುಂಟು, ಏರ್ ಇಂಡಿಯಾದಲ್ಲಿದ್ದವನಿಗಿಲ್ಲ. ಕೆನಡಾದ ಪದ್ಧತಿ ಇನ್ನೊಂದು ಬಗೆಯದು. 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರ ಪರಿಚಾರಕರು, ವಿಮಾನ ನೆಲದ ಮೇಲಿರುವಾಗ ಮಾಡುವ ದುಡಿಮೆಗೆ ಸಂಬಳವಿಲ್ಲವೆಂದು ಕೆಲಸ ನಿಲ್ಲಿಸಿ, ಮರಳುವಂತೆ ಬಂದ ಆಜ್ಞೆಯನ್ನೂ ಧಿಕ್ಕರಿಸಿ, 19ರಂದು ಒಪ್ಪಂದಕ್ಕೆ ಬಂದರು. ಅಲ್ಲಿ ಮುಷ್ಕರಕ್ಕೆ ನಗದು ಪರಿಹಾರವಿಲ್ಲ. ಆದರೆ ದೊಡ್ಡ ಸಂಸ್ಥೆಯು 48 ಗಂಟೆಗಳೊಳಗೆ ಹೊರಡುವ ತನ್ನ ಅಥವಾ ಜೊತೆಗಾರರ ವಿಮಾನದಲ್ಲಿ ಸ್ಥಳ ಕೊಡಲಾಗದಿದ್ದರೆ, ಹಣವನ್ನು ಮರಳಿಸಬೇಕು ಇಲ್ಲವೆ ಪ್ರತಿಸ್ಪರ್ಧಿಯ ವಿಮಾನದಲ್ಲಾದರೂ ಸ್ಥಳ ಮಾಡಿಕೊಡಬೇಕು. ಟೊರಾಂಟೊದಲ್ಲಿರುವ ಮಗಳು, ಬೇರೆ ಸಂಸ್ಥೆಯ ವಿಮಾನದಲ್ಲಿ ಕಳುಹಿಸಿರೆಂದು ಕೇಳುವುದು ಅಲ್ಲಿ ಹಕ್ಕು. ಅದೇ ಮಾತನ್ನು ಬೆಂಗಳೂರಿನಲ್ಲಿ ಕೇಳಿದರೆ ಅದು ವಿನಂತಿ.

ಉಳಿದುದು ದೂರಿನ ವಿಚಾರ. ದೊಡ್ಡ ವಿಮಾನ ಸಂಸ್ಥೆಯ ಮೇಲೆ ಹೋರಾಡಬೇಕಾದರೆ ಅದರ ಮುಖ್ಯ ಕಚೇರಿಯಿರುವ ದಿಲ್ಲಿಗೋ ಮುಂಬಯಿಗೋ ಹೋಗಿ ವಕೀಲರನ್ನಿಡಬೇಕೆಂಬ ಹೆದರಿಕೆಯಿಂದ ಬಹುಮಂದಿ ಸಣ್ಣ ಮೊತ್ತಗಳನ್ನು ಬಿಟ್ಟುಬಿಡುತ್ತಾರೆ. ಮೊದಲು ಸಂಸ್ಥೆಗೆ, ಅಲ್ಲಿ ಉತ್ತರ ಸಿಗದಿದ್ದರೆ ಸರಕಾರದ ಏರ್‌ಸೇವಾ ಮೂಲಕ, ಇಲ್ಲವೆ 1915 ಎಂಬ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅದೂ ಫಲಿಸದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಲು ಅವಕಾಶವಿತ್ತಿದೆ. ವಕೀಲರಿಲ್ಲದೆ ತಾನೇ ನಿಂತು ವಾದಿಸಲೂಬಹುದು. ರದ್ದತಿಯ ಸಂದೇಶ, ಟಿಕೆಟ್ಟು, ಹೆಚ್ಚುವರಿ ಖರ್ಚಿನ ರಸೀದಿ ಇವಿಷ್ಟನ್ನು ತೆಗೆದಿರಿಸಿಕೊಂಡ ಚಚಡಿಯ ಪ್ರಯಾಣಿಕನ ಪ್ರಕರಣವು ನಡೆಯುವುದು ಬೆಳಗಾವಿಯಲ್ಲಿ, ಹಾಜರಾಗಬೇಕಾದವರು ದೂರದೂರಿನ ವಿಮಾನ ಸಂಸ್ಥೆಯವರು.