ಅಂಗಡಿಯೊಳಗಿನ ಪರದೆ: ಯಾರಿಗಾಗಿ, ಯಾವ ಎತ್ತರಕ್ಕೆ, ಎಷ್ಟು ಸೆಕೆಂಡು?

ಯುಗಾದಿ ಕಳೆದು ಹದಿನೈದು ದಿನವಾದರೂ ಬೇವು-ಬೆಲ್ಲದ ಚಿತ್ರದ ಜೊತೆ ‘ಹಬ್ಬದ ವಿಶೇಷ ರಿಯಾಯಿತಿ’ ಎಂದು ಸಾರುತ್ತಲೇ ಇರುವ ಪರದೆ ಯಾವುದಾದರೂ ಸೂಪರ್ ಮಾರ್ಕೆಟ್ಟಿನಲ್ಲಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಅದರ ಹಿಂಬದಿಗೆ ಕೈ ಹಾಕಿದರೆ ಸಾಮಾನ್ಯವಾಗಿ ಒಂದು ಪೆನ್ ಡ್ರೈವ್ ಸಿಗುತ್ತದೆ. ಹೆಡ್ ಆಫೀಸಿನಿಂದ ಕೊರಿಯರ್‌ನಲ್ಲಿ ಬಂದದ್ದು. ಸಿಕ್ಕಿಸಿದವರು ಆಮೇಲೆ ಅದರ ಗೊಡವೆಗೆ ಹೋಗಿರುವುದಿಲ್ಲ.

ಹತ್ತಾರು ಮಳಿಗೆಗಳಿರುವ ಸಂಸ್ಥೆಗಳು ಪರದೆ ಕೊಳ್ಳುವಾಗ ಎಷ್ಟು ಇಂಚು, ಯಾವ ಕಂಪನಿ, ಯಾರ ಕೊಟೇಶನ್ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಸುತ್ತವೆ. ನಾಳೆ ಬೆಳಗ್ಗೆ ಅದರಲ್ಲಿ ಏನು ಬರಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಮಾತಿಗೆ ಐದು ನಿಮಿಷವೂ ಸಿಗುವುದಿಲ್ಲ. ಹಾಕಿದ ದುಡ್ಡು ಬರುವುದೂ ಮುಳುಗುವುದೂ ಈ ಎರಡನೇ ವಿಷಯದ ಮೇಲೆ ಎಂಬುದು ನನ್ನ ಅಭಿಪ್ರಾಯ.

ವ್ಯವಸ್ಥೆಯೇನೋ ಸರಳವಾದದ್ದೇ. ಒಂದು ಪರದೆ, ಅದಕ್ಕೆ ಚಿತ್ರ ಒದಗಿಸುವ ಪ್ಲೇಯರ್ ಎಂಬ ಪುಟ್ಟ ಕಂಪ್ಯೂಟರ್, ಎಲ್ಲ ಅಂಗಡಿಗಳ ಪ್ಲೇಯರ್‌ಗಳಿಗೂ ಒಂದೇ ಕಡೆಯಿಂದ ಸೂಚನೆ ಕಳಿಸುವ ಸಾಫ್ಟ್‌ವೇರ್. ಸ್ಯಾಮ್‌ಸಂಗ್, ಎಲ್‌ಜಿಯಂಥ ಕಂಪನಿಗಳ ವಾಣಿಜ್ಯ ಪರದೆಗಳಲ್ಲಿ ಪ್ಲೇಯರ್ ಒಳಗೇ ಅಡಕವಾಗಿರುವುದುಂಟು. ವಿಡಿಯೊ ಹೆಡ್ ಆಫೀಸಿನಿಂದ ನೇರವಾಗಿ ಪ್ರಸಾರವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಅಂಗಡಿಯ ಇಂಟರ್ನೆಟ್ ಬಿಡುವಾಗಿರುವ ರಾತ್ರಿ ಹೊತ್ತಿನಲ್ಲಿ ಅದು ಇಳಿದು ಪ್ಲೇಯರ್‌ನ ಮೆಮೊರಿಯಲ್ಲಿ ಕೂರುತ್ತದೆ, ಹಗಲು ಅಲ್ಲಿಂದಲೇ ಓಡುತ್ತದೆ. ಹೀಗಾಗಿ ಮಧ್ಯಾಹ್ನ ಲೈನ್ ಕಡಿದುಹೋದರೂ ಪರದೆ ನಿಲ್ಲುವುದಿಲ್ಲ. 15 ಸೆಕೆಂಡಿನ ಜಾಹೀರಾತು ಸೆಕೆಂಡಿಗೆ 8 ಮೆಗಾಬಿಟ್ ಗುಣಮಟ್ಟದಲ್ಲಿದ್ದರೆ ಅದರ ಗಾತ್ರ 15 ಎಂಬಿ. ಒಂದೇ ದಿನ ಹತ್ತು ಜಾಹೀರಾತು ಬದಲಿಸಿದರೂ 150 ಎಂಬಿ. ಸಣ್ಣ ಊರಿನ ಅಂಗಡಿಯ ಸಾಧಾರಣ ಸಂಪರ್ಕಕ್ಕೂ ಇದು ಹೊರೆಯಲ್ಲ. ಪ್ರತಿ ಫೈಲಿಗೂ ಶುರುವಾಗುವ ಮತ್ತು ಮುಗಿಯುವ ದಿನಾಂಕ ಕೊಡಬಹುದು. ಯುಗಾದಿ ಆಫರ್ ಯುಗಾದಿಗೇ ಮುಗಿಯಬೇಕಾದರೆ ಬೇಕಾದದ್ದು ಇಷ್ಟೇ.

ಮನೆಯ ಟಿ.ವಿ.ಯನ್ನೇ ತಂದು ಹಾಕಿದರೆ ಆಗದೇ? ಕೆಲವು ತಿಂಗಳು ಆಗುತ್ತದೆ. ಮನೆಯ ಸಾಮಾನ್ಯ ಟಿ.ವಿ.ಯ ಬೆಳಕು ಹೆಚ್ಚುಕಡಿಮೆ 250ರಿಂದ 350 ನಿಟ್. ಟ್ಯೂಬ್‌ಲೈಟುಗಳಿಂದ ಜಗಮಗಿಸುವ ಮಳಿಗೆಯಲ್ಲಿ ಅದು ಮಂಕಾಗಿ ಕಾಣುತ್ತದೆ. ಒಳಗೆ 500 ನಿಟ್ ಇದ್ದರೆ ಒಳ್ಳೆಯದು. ರಸ್ತೆಗೆ ಮುಖ ಮಾಡಿದ ಗಾಜಿನ ಹಿಂದೆ ಇಡುವುದಾದರೆ 2,500 ನಿಟ್ ದಾಟಬೇಕು, ಇಲ್ಲವಾದರೆ ಮಧ್ಯಾಹ್ನದ ಬಿಸಿಲಲ್ಲಿ ದಾರಿಹೋಕರಿಗೆ ಕಾಣುವುದು ಅವರ ಮುಖವೇ. ವಾಣಿಜ್ಯ ಪರದೆಗಳನ್ನು ದಿನಕ್ಕೆ 16 ಅಥವಾ 24 ಗಂಟೆ ಓಡಲೆಂದೇ ಮಾಡಿರುತ್ತಾರೆ, ಉದ್ದುದ್ದ ನಿಲ್ಲಿಸಿದರೂ ಅವು ತಡೆಯುತ್ತವೆ. ಮನೆಯ ಟಿ.ವಿ.ಯ ವಾರಂಟಿ ಕಾಗದವನ್ನು ಓದಿ ನೋಡಿ, ಅಂಗಡಿ ಬಳಕೆಗೆ ಅದು ಅನ್ವಯಿಸುವುದು ಅಪರೂಪ. ವಿದ್ಯುತ್ತಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 55 ಇಂಚಿನ ಪರದೆ 130 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 13 ಗಂಟೆಯಂತೆ ತಿಂಗಳಿಗೆ 50 ಯೂನಿಟ್ಟಿನ ಆಸುಪಾಸು.

ಇನ್ನು ಜಾಗದ ಮಾತು. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅಂಗಡಿಯೊಳಗಿನ ಗಿರಾಕಿ ಮೂರು ಸ್ಥಿತಿಗಳಲ್ಲಿರುತ್ತಾರೆ: ನಡೆಯುತ್ತಿರುತ್ತಾರೆ, ಆರಿಸುತ್ತಿರುತ್ತಾರೆ ಅಥವಾ ಕಾಯುತ್ತಿರುತ್ತಾರೆ. ಬಾಗಿಲು ದಾಟಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಜನ ಏನನ್ನೂ ಗಮನಿಸುವುದಿಲ್ಲ ಎಂದು ಅಮೆರಿಕದ ಪ್ಯಾಕೊ ಅಂಡರ್‌ಹಿಲ್ 1999ರ ತಮ್ಮ ‘ವೈ ವಿ ಬೈ’ ಪುಸ್ತಕದಲ್ಲಿ ವಿವರಿಸಿದ್ದಾರೆ. ಆಗ ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳುತ್ತಿರುತ್ತದೆ, ಕೈ ಬುಟ್ಟಿ ಹುಡುಕುತ್ತಿರುತ್ತದೆ. ನಮ್ಮಲ್ಲಿ ಇದರ ಜೊತೆ ಕೈಚೀಲವನ್ನು ಸೆಕ್ಯುರಿಟಿಗೆ ಕೊಟ್ಟು ಟೋಕನ್ ಪಡೆಯುವ ಕೆಲಸವೂ ಇದೆ. ಆದರೂ ಅತಿ ದುಬಾರಿ ಪರದೆಯನ್ನು ಬಾಗಿಲಿನಲ್ಲೇ ಇಡುವುದು ವಾಡಿಕೆಯಾಗಿಬಿಟ್ಟಿದೆ. ಇಡಲೇಬೇಕೆಂದಿದ್ದರೆ ಹತ್ತು-ಹದಿನೈದು ಅಡಿ ಒಳಗೆ, ಬರುವವರಿಗೆ ಎದುರಾಗಿ ಇಡಿ. ಅಲ್ಲಿ ಒಂದು ಚಿತ್ರ, ನಾಲ್ಕೈದು ಪದ ಸಾಕು. ನಡೆಯುವವರು ಮೂರ್ನಾಲ್ಕು ಸೆಕೆಂಡಿಗಿಂತ ಹೆಚ್ಚು ನೋಡುವುದಿಲ್ಲ.

ವಾಲ್‌ಮಾರ್ಟ್ ಈ ಪಾಠವನ್ನು ದೊಡ್ಡ ಪ್ರಮಾಣದಲ್ಲೇ ಕಲಿಯಿತು. ಚಾವಣಿಯಿಂದ ಟಿ.ವಿ. ಇಳಿಬಿಟ್ಟು ನಡೆಸುತ್ತಿದ್ದ ತನ್ನ ಜಾಲವನ್ನು ಅದು 2008ರಲ್ಲಿ ಹೊಸದಾಗಿ ಕಟ್ಟಲು ಹೊರಟಾಗ, ಪರದೆಗಳನ್ನು ಕಣ್ಣಿನ ಮಟ್ಟಕ್ಕೆ, ರ‍್ಯಾಕಿನ ತುದಿಗೆ, ಸರಕಿನ ಪಕ್ಕಕ್ಕೆ ಇಳಿಸಿತು. ತಳ್ಳುಗಾಡಿ ಹಿಡಿದವರು ತಲೆಯೆತ್ತಿ ನಡೆಯುವುದಿಲ್ಲ ಎನ್ನುವುದು ಗೊತ್ತಿರುವ ಸಂಗತಿಯೇ. ಆದರೂ ಇವತ್ತಿಗೂ ನಮ್ಮ ಎಷ್ಟೋ ಮಳಿಗೆಗಳಲ್ಲಿ ಪರದೆ ಎಂಟಡಿ ಎತ್ತರದಲ್ಲಿ, ಎ.ಸಿ. ಪಕ್ಕದಲ್ಲಿರುತ್ತದೆ. ವೈರು ಎಳೆಯಲು ಅಲ್ಲೇ ಅನುಕೂಲ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ಕಾಣುವುದಿಲ್ಲ.

ಆರಿಸುವವರ ಮುಂದಿನ ಪರದೆ ಚಿಕ್ಕದಿರಲಿ, ರ‍್ಯಾಕಿಗೇ ಅಂಟಿಕೊಂಡಿರಲಿ. ಅಡುಗೆ ಎಣ್ಣೆಯ ಮುಂದೆ ನಿಂತವರಿಗೆ ಕಡಲೆಕಾಯಿ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಇರುವ ವ್ಯತ್ಯಾಸ, ಐದು ಲೀಟರಿನ ಕ್ಯಾನ್ ಕೊಂಡರೆ ಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಬೇಕು. ಸಿನಿಮಾ ತಾರೆಯ ನಗು ಅಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಯಾರೂ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲದ ಕಾರಣ 15-20 ಸೆಕೆಂಡಿನಲ್ಲಿ ಎಲ್ಲ ಮುಗಿದು ಮತ್ತೆ ಮೊದಲಿನಿಂದ ಶುರುವಾಗಬೇಕು. ಬಿಲ್ಲಿಂಗ್ ಕೌಂಟರಿನ ಕತೆ ಬೇರೆ. ಅಲ್ಲಿ ಸಾಲಿನಲ್ಲಿ ನಾಲ್ಕು ನಿಮಿಷ ಕಾಯುತ್ತಾರೆ ಎಂದುಕೊಳ್ಳಿ. 15 ಸೆಕೆಂಡಿನ ಎಂಟು ತುಣುಕು ಸೇರಿಸಿ ಎರಡು ನಿಮಿಷದ ಸುತ್ತು ಮಾಡಿದರೆ ಒಬ್ಬೊಬ್ಬರೂ ಪ್ರತಿ ತುಣುಕನ್ನು ಎರಡು ಸಲ ನೋಡುತ್ತಾರೆ. ಆದರೆ ಅದಕ್ಕೆ ಧ್ವನಿ ಕೊಡಬೇಡಿ. ಹನ್ನೆರಡು ಗಂಟೆ ತೆರೆದಿರುವ ಅಂಗಡಿಯ ಕ್ಯಾಷಿಯರ್ ಕಿವಿಗೆ ಅದೇ ಜಿಂಗಲ್ ದಿನಕ್ಕೆ 360 ಸಲ ಬೀಳುತ್ತದೆ. ಮೂರನೇ ದಿನ ಯಾರೋ ವಾಲ್ಯೂಮ್ ಇಳಿಸುತ್ತಾರೆ, ಆರನೇ ದಿನ ಪ್ಲಗ್ ಕಿತ್ತಿಡುತ್ತಾರೆ, ಅವರ ಮೇಲೆ ಸಿಟ್ಟಾಗಲು ಯಾರಿಗೂ ಮನಸ್ಸು ಬಾರದು. ಸಿನಿಮಾ ಹಾಡು ಹಾಕಿದರೆ ಸಾರ್ವಜನಿಕ ಪ್ರಸಾರದ ಪರವಾನಗಿಯ ಖರ್ಚೂ ತಗಲುತ್ತದೆ.

ಅಕ್ಷರದ ಗಾತ್ರಕ್ಕೆ ಈ ಕಸುಬಿನವರು ಬಳಸುವ ಒಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಅದು ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಕನ್ನಡದಲ್ಲಿ ತಲೆಕಟ್ಟು, ಗುಡಿಸು, ಒತ್ತಕ್ಷರ ಎಲ್ಲ ಸೇರಿ ಅದೇ ಜಾಗದಲ್ಲಿ ಹೆಚ್ಚು ಗೆರೆಗಳಿರುತ್ತವೆ. ಹಾಗಾಗಿ ಒಂದೂವರೆ ಇಂಚು ಇಟ್ಟುಕೊಳ್ಳುವುದು ಕ್ಷೇಮ. ಇದಕ್ಕಿಂತ ದೊಡ್ಡ ತೊಂದರೆ ಒತ್ತಕ್ಷರ ಒಡೆಯುವುದು. ಜಾಹೀರಾತು ತಯಾರಿಸುವ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕದಿದ್ದರೆ ‘ಅಕ್ಕಿ’ ಎನ್ನುವುದು ‘ಅಕ್‌ಕಿ’ ಆಗಿ ಪರದೆಗೆ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳ ರಾಶಿ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಅಗ್ಗದ ಪ್ಲೇಯರ್‌ನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಕೆಳಗೆ ಓಡುವ ಪಟ್ಟಿಯ ಎತ್ತರ ಇಂಗ್ಲಿಷಿಗೆ ಅಳತೆ ಮಾಡಿದ್ದಾದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಬೆಂಗಳೂರಿನ ಏಜೆನ್ಸಿಯವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಂಡದ್ದು ಹಾಸನದ ಅಂಗಡಿಯ ಪ್ಲೇಯರ್‌ನಲ್ಲಿ ಹಾಗೇ ಕಾಣುತ್ತದೆಂಬ ಭರವಸೆ ಇಲ್ಲ.

ಸಂಪೂರ್ಣ ಬರಹವನ್ನು ಚಿತ್ರವಾಗಿಯೇ ಮಾಡಿ ಕಳಿಸಿದರೆ ಈ ತಾಪತ್ರಯ ತಪ್ಪುತ್ತದೆ. ಆದರೆ ಆಗ ಬೆಲೆ ಬದಲಾದಾಗಲೆಲ್ಲ ಹೊಸ ಚಿತ್ರ ಬೇಕು. ನನಗೆ ಸರಿ ಎನಿಸುವ ದಾರಿ ಇದು: ಸರಕಿನ ಹೆಸರು, ಘೋಷವಾಕ್ಯ ಚಿತ್ರದಲ್ಲಿರಲಿ, ಬೆಲೆಯ ಅಂಕಿಯನ್ನು ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ನೇರವಾಗಿ ತರಿಸಿ. 0ಯಿಂದ 9ರವರೆಗಿನ ಅಂಕಿಗಳು ಯಾವ ಪ್ಲೇಯರ್‌ನಲ್ಲೂ ಒಡೆಯುವುದಿಲ್ಲ. ಪರದೆಯಲ್ಲಿ 199, ಬಿಲ್ಲಿನಲ್ಲಿ 215 ಎಂದಾದಾಗ ಕೌಂಟರಿನಲ್ಲಿ ನಡೆಯುವ ಜಗಳವೂ ಇದರಿಂದ ತಪ್ಪುತ್ತದೆ. ಅದು ಬರೀ ಜಗಳಕ್ಕೆ ನಿಲ್ಲಬೇಕೆಂದೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಸ್ಟಾಕ್ ಲೆಕ್ಕವನ್ನೂ ಜೋಡಿಸಿದರೆ ಇನ್ನೂ ಒಳ್ಳೆಯದು. ಖಾಲಿಯಾದ ಸರಕಿನ ಜಾಹೀರಾತು ತಾನಾಗಿ ನಿಂತುಹೋಗುತ್ತದೆ. ಮೆಕ್‌ಡೊನಾಲ್ಡ್ಸ್ 2019ರಲ್ಲಿ ಡೈನಾಮಿಕ್ ಯೀಲ್ಡ್ ಎಂಬ ಕಂಪನಿಯನ್ನು ಕೊಂಡದ್ದು ಸಮಯ, ಹವಾಮಾನ, ಅಂಗಡಿಯ ನೂಕುನುಗ್ಗಲು ನೋಡಿ ಮೆನು ಪರದೆಯನ್ನು ಬದಲಿಸಲೆಂದು. ಕೆಲವೇ ವರ್ಷಗಳಲ್ಲಿ ಅದನ್ನು ಮಾಸ್ಟರ್‌ಕಾರ್ಡ್‌ಗೆ ಮಾರಿಯೂಬಿಟ್ಟಿತು. ನಮ್ಮ ಮಧ್ಯಮ ಗಾತ್ರದ ಸಂಸ್ಥೆಗೆ ಅಷ್ಟೆಲ್ಲ ಬೇಡ. ಬೆಳಗ್ಗೆ ಹಾಲು-ಬ್ರೆಡ್ಡು, ಸಂಜೆ ಕುರುಕಲು ತಿಂಡಿ, ತಿಂಗಳ ಮೊದಲ ವಾರ ದಿನಸಿಯ ದೊಡ್ಡ ಪ್ಯಾಕು ಎಂಬಷ್ಟು ವೇಳಾಪಟ್ಟಿ ಮಾಡಿದರೂ ಅರ್ಧ ಪ್ರಯೋಜನ ಸಿಕ್ಕಂತೆ.

ದಿನನಿತ್ಯದ ಸಮಸ್ಯೆಗಳಿಗೆ ಪರದೆ ಮಾರುವವರ ಕರಪತ್ರದಲ್ಲಿ ಜಾಗವಿರುವುದಿಲ್ಲ. ರಾತ್ರಿ ಬಾಗಿಲು ಹಾಕುವವರು ಮೇನ್ ಸ್ವಿಚ್ಚನ್ನೇ ಕೆಳಗೆಳೆಯುತ್ತಾರೆ. ಜಾಹೀರಾತು ಇಳಿಯಬೇಕಾದ ಹೊತ್ತಿನಲ್ಲಿ ಪ್ಲೇಯರ್ ಸತ್ತಿರುತ್ತದೆ, ದಿನವೂ ಹಠಾತ್ತನೆ ಕರೆಂಟು ಹೋಗಿ ಮೆಮೊರಿ ಕಾರ್ಡೂ ಕೆಡುತ್ತದೆ. ಪ್ಲೇಯರ್‌ಗೆ ಪ್ರತ್ಯೇಕ ಲೈನ್, ಚಿಕ್ಕದೊಂದು ಯುಪಿಎಸ್ ಕೊಡುವುದೇ ಮದ್ದು. ಐಪಿಎಲ್ ಬಂತೆಂದರೆ ಯಾರೋ ಇನ್‌ಪುಟ್ ಬದಲಿಸಿ ಮ್ಯಾಚ್ ಹಾಕಿರುತ್ತಾರೆ. ರಿಮೋಟ್ ಕೆಲಸ ಮಾಡದಂತೆ ಲಾಕ್ ಮಾಡುವ ಸೌಲಭ್ಯ ವಾಣಿಜ್ಯ ಪರದೆಗಳಲ್ಲಿದೆ. ಪ್ಲೇಯರ್ ಓಡುತ್ತಿದೆ ಎಂದು ಸಾಫ್ಟ್‌ವೇರ್ ಹಸಿರು ದೀಪ ತೋರಿಸಿದ ಮಾತ್ರಕ್ಕೆ ಪರದೆಯಲ್ಲಿ ಚಿತ್ರವಿದೆ ಎಂದು ನಂಬಬೇಡಿ. ಎಚ್‌ಡಿಎಂಐ ಕೇಬಲ್ ಸಡಿಲವಾದರೆ ಪ್ಲೇಯರ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಪರದೆ ಕಪ್ಪಾಗಿರುತ್ತದೆ. ಮ್ಯಾನೇಜರ್ ಬೆಳಗ್ಗೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಳಿಸುವ ಪದ್ಧತಿ ಎಲ್ಲಕ್ಕಿಂತ ಅಗ್ಗದ ಪರಿಹಾರ.

ಪರದೆಯಿಂದ ಮಾರಾಟ ಏರಿತೇ ಎಂದು ಹೇಳುವುದು ಹೇಗೆ? ಕಳೆದ ತಿಂಗಳಿಗೂ ಈ ತಿಂಗಳಿಗೂ ಹೋಲಿಸುವುದು ತಪ್ಪು ದಾರಿ. ನಡುವೆ ಹಬ್ಬ, ಮಳೆ, ಸಂಬಳದ ದಿನ ಏನೇನೋ ಬಂದಿರುತ್ತದೆ. ಊರು, ವಿಸ್ತೀರ್ಣ, ವಹಿವಾಟಿನಲ್ಲಿ ಒಂದಕ್ಕೊಂದು ಹೋಲುವ ಅಂಗಡಿಗಳ ಜೋಡಿ ಮಾಡಿ. ಹತ್ತರಲ್ಲಿ ಪರದೆ ಓಡಿಸಿ, ಹತ್ತರಲ್ಲಿ ಬೇಡ. ಬೆಲೆ, ಆಫರ್, ರ‍್ಯಾಕಿನ ಜಾಗ ಎರಡೂ ಕಡೆ ಒಂದೇ ಇರಲಿ. ನಾಲ್ಕು ವಾರದ ನಂತರ ಪರದೆ ಇದ್ದಲ್ಲಿ ಜಾಹೀರಾತು ಹಾಕಿದ ಒಂದು ಬಿಸ್ಕತ್ತಿನ ಮಾರಾಟ 18 ಪ್ರತಿಶತ, ಇಲ್ಲದಲ್ಲಿ 11 ಪ್ರತಿಶತ ಏರಿತು ಎಂದುಕೊಳ್ಳೋಣ. ಪರದೆಯ ಪಾಲು ಆಗ 7 ಅಂಶ ಮಾತ್ರ, 18 ಅಲ್ಲ. ಅಷ್ಟಕ್ಕೇ ನಿಲ್ಲಿಸದೆ ಇಡೀ ಬಿಸ್ಕತ್ತಿನ ಸಾಲನ್ನೂ ನೋಡಬೇಕು. ಒಂದು ಬ್ರ್ಯಾಂಡ್ ಏರಿ ಪಕ್ಕದ್ದು ಅಷ್ಟೇ ಇಳಿದಿದ್ದರೆ ಲಾಭ ಬಿಸ್ಕತ್ತು ಕಂಪನಿಗೆ, ಅಂಗಡಿಗಲ್ಲ. ಯಾವ ಜಾಹೀರಾತು ಎಷ್ಟು ಹೊತ್ತಿಗೆ ಎಷ್ಟು ಸಲ ಓಡಿತೆಂಬ ದಾಖಲೆಯನ್ನು ಪ್ಲೇಯರ್ ಇಟ್ಟುಕೊಳ್ಳುತ್ತದೆ, ಅದನ್ನು ಬಿಲ್ಲಿನ ಸಮಯದ ಪಕ್ಕ ಇಟ್ಟು ನೋಡಿದರೆ ಇನ್ನಷ್ಟು ತಿಳಿಯುತ್ತದೆ.

ಪರದೆಗೆ ಕ್ಯಾಮೆರಾ ಹಾಕಿ ನೋಡುವವರ ವಯಸ್ಸು, ಲಿಂಗ ಅಂದಾಜಿಸಿ ಕೊಡುತ್ತೇವೆ ಎನ್ನುವ ಮಾರಾಟಗಾರರು ಬರುತ್ತಾರೆ. ಅವರಿಗೆ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದದ್ದನ್ನು ಹೇಳಿ. 2018ರಲ್ಲಿ ಅಲ್ಲಿನ ಒಂದು ಮಾಲಿನ ಮಾರ್ಗದರ್ಶಿ ಪರದೆ ಕೆಟ್ಟು, ಮುಖ ವಿಶ್ಲೇಷಿಸುವ ಪ್ರೋಗ್ರಾಮಿನ ಸಾಲುಗಳು ಎಲ್ಲರೆದುರು ತೆರೆದುಕೊಂಡವು. ತನಿಖೆ ಮುಗಿದು 2020ರಲ್ಲಿ ವರದಿ ಬಂದಾಗ, ಆ ಮಾಲನ್ನು ನಡೆಸುವ ಕ್ಯಾಡಿಲಾಕ್ ಫೇರ್‌ವ್ಯೂ ಕಂಪನಿ 12 ಮಾಲ್‌ಗಳಲ್ಲಿ ಸರಿಯಾದ ಒಪ್ಪಿಗೆಯಿಲ್ಲದೆ ಸುಮಾರು 50 ಲಕ್ಷ ಮುಖಚಿತ್ರ ಸಂಗ್ರಹಿಸಿದ್ದು ಬಯಲಾಯಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಎಷ್ಟು ಮಂದಿ ನೋಡಿದರೆಂಬ ಅಂದಾಜಿಗಾಗಿ ಇಷ್ಟು ತಲೆನೋವು ತಂದುಕೊಳ್ಳುವುದಕ್ಕಿಂತ ಬಿಲ್ಲಿನ ಲೆಕ್ಕವೇ ವಾಸಿ.

ಪರದೆಯ ಸಮಯವನ್ನು ಬ್ರ್ಯಾಂಡ್‌ಗಳಿಗೆ ಮಾರಿ ಖರ್ಚು ಹುಟ್ಟಿಸಿಕೊಳ್ಳುವ ಆಲೋಚನೆ ಈಗ ಎಲ್ಲ ಸಂಸ್ಥೆಗಳಲ್ಲೂ ಇದೆ. ಪರದೆಯನ್ನು ಬಿಟ್ಟಿಯಾಗಿ ಹಾಕಿಕೊಟ್ಟು ಜಾಹೀರಾತಿನ ಆದಾಯ ಹಂಚಿಕೊಳ್ಳುತ್ತೇವೆ ಎನ್ನುವ ಕಂಪನಿಗಳೂ ಸಿಗುತ್ತವೆ. ಸಹಿ ಹಾಕುವ ಮೊದಲು ಅಮೆರಿಕದ ಔಷಧಿ ಅಂಗಡಿ ಸಂಸ್ಥೆ ವಾಲ್‌ಗ್ರೀನ್ಸ್‌ನ ಅನುಭವ ತಿಳಿದಿರಲಿ. ಕೂಲರ್ ಸ್ಕ್ರೀನ್ಸ್ ಎಂಬ ಕಂಪನಿ ಅಲ್ಲಿನ ಫ್ರಿಜ್ಜುಗಳ ಗಾಜಿನ ಬಾಗಿಲು ತೆಗೆದು ಅದರ ಜಾಗದಲ್ಲಿ ಪರದೆಯ ಬಾಗಿಲು ಕೂರಿಸಿತು. ಒಳಗೆ ಏನಿದೆ ಎಂದು ಗಾಜಿನಲ್ಲಿ ಸುಮ್ಮನೆ ಕಾಣುತ್ತಿದ್ದದ್ದನ್ನು ಪರದೆ ಚಿತ್ರದಲ್ಲಿ ತೋರಿಸತೊಡಗಿತು, ನಡುನಡುವೆ ಜಾಹೀರಾತು. ಪರದೆ ಕೆಟ್ಟರೆ ಗಿರಾಕಿಗೆ ಫ್ರಿಜ್ಜಿನಲ್ಲಿ ಏನಿದೆಯೆಂದೇ ತಿಳಿಯದು. ಸಂಬಂಧ ಹಳಸಿ 2023ರಲ್ಲಿ ಕೂಲರ್ ಸ್ಕ್ರೀನ್ಸ್ 20 ಕೋಟಿ ಡಾಲರ್ ಕೇಳಿ ದಾವೆ ಹೂಡಿತು. ಅದೇ ಡಿಸೆಂಬರಿನಲ್ಲಿ ಷಿಕಾಗೊ ಸುತ್ತಲಿನ ನೂರಕ್ಕೂ ಹೆಚ್ಚು ಅಂಗಡಿಗಳಿಗೆ ಮಾಹಿತಿ ಕಳಿಸುವುದನ್ನೇ ನಿಲ್ಲಿಸಿದಾಗ ಬಾಗಿಲುಗಳು ಖಾಲಿ ಬಿಳಿ ಹಲಗೆಗಳಾದವು.

ಹಾಗಾಗಿ ಕರಾರಿನಲ್ಲಿ ಕೆಲವು ಮಾತು ಸ್ಪಷ್ಟವಾಗಿರಲಿ. ಪರದೆ ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಮಾಡಬೇಕು, ಮಾಡದಿದ್ದರೆ ಎಷ್ಟು ಕಡಿತ ಎಂಬುದನ್ನು ಅಂಕಿಯಲ್ಲೇ ಬರೆಸಿ. ಅಂಗಡಿಯ ಸ್ವಂತ ಜಾಹೀರಾತಿಗೆ ಪ್ರತಿ ಸುತ್ತಿನಲ್ಲೂ ಕನಿಷ್ಠ ಪಾಲು ಇರಲಿ. ಯಾವ ಬ್ರ್ಯಾಂಡ್ ಬೇಡ ಎನ್ನುವ ಹಕ್ಕು ನಿಮ್ಮಲ್ಲೇ ಉಳಿಯಲಿ. ನಿಮ್ಮ ಸ್ವಂತ ಲೇಬಲ್ಲಿನ ತೊಗರಿಬೇಳೆಯ ರ‍್ಯಾಕಿನೆದುರು ಎದುರಾಳಿ ಕಂಪನಿಯ ಬೇಳೆ ಮಿಂಚುವುದು ಯಾರಿಗೂ ಇಷ್ಟವಾಗದು. ಕರಾರು ಮುಗಿದ ದಿನ ಪರದೆ, ಗೋಡೆಯ ಬ್ರಾಕೆಟ್ಟು, ಓಡಿದ ದಾಖಲೆ ಯಾರ ಪಾಲು ಎಂದು ಇವತ್ತೇ ನಮೂದಾಗಲಿ. ಪ್ಲೇಯರ್‌ಗಳ ಪಾಸ್‌ವರ್ಡ್ ಹೊರಗಿನ ಕಂಪನಿಯ ಬಳಿ ಇರುವಂತೆ ನಿಮ್ಮ ಐ.ಟಿ. ವಿಭಾಗದ ಬಳಿಯೂ ಇರಬೇಕು.