ಬೆರ್ಚಪ್ಪನನ್ನು ನಿಲ್ಲಿಸುವ ಬಗೆ

ಅಮೆರಿಕದ ಕೆಲವು ರೈತರು ಅಕ್ಟೋಬರ್ ತಿಂಗಳಲ್ಲಿ ಮುಸುಕಿನ ಜೋಳದ ಹೊಲದೊಳಗೆ ದೆವ್ವದ ಬೊಂಬೆಗಳನ್ನಿಟ್ಟು, ಹೆದರಲೆಂದೇ ಬರುವ ಜನರಿಂದ ಟಿಕೆಟ್ಟಿನ ಹಣ ಪಡೆಯುತ್ತಾರೆ. ಬಂಗಾರಪೇಟೆ, ಕೋಲಾರ ಚಿನ್ನದ ಗಣಿ ಸುತ್ತಿನ ಹೊಲಗಳಲ್ಲಿ ಅದೇ ಕಾಲಕ್ಕೆ ಕಾಣುವ ಬೆರ್ಚಪ್ಪ ಹೆದರಿಸಬೇಕಾದುದು ಹಕ್ಕಿಗಳನ್ನು.

ಬಿತ್ತನೆಯಾದೊಡನೆ ನೆಟ್ಟು ಕೊಯ್ಲಿನವರೆಗೂ ಕದಲಿಸದ ಬೆರ್ಚಪ್ಪನ ತಲೆಯ ಮೇಲೆಯೇ ಹಕ್ಕಿ ಕೂರುವುದನ್ನು ರೈತರು ನೋಡಿಯೇ ಇರುತ್ತಾರೆ. ಅಪಾಯ ಮಾಡದ ವಸ್ತುವಿಗೆ ಹಕ್ಕಿಗಳು ಬೇಗ ಒಗ್ಗಿಕೊಳ್ಳುತ್ತವೆ. ಆದ್ದರಿಂದ ರಾಗಿ, ಜೋಳದ ತೆನೆ ಹಾಲುಗಾಳಿಗೆ ಬರುವ ಹೊತ್ತಿಗೆ ಮಾತ್ರ ಇದನ್ನು ನಿಲ್ಲಿಸಬೇಕು. ಎರಡು ಮೂರು ದಿನಕ್ಕೊಮ್ಮೆ ಜಾಗವನ್ನೂ ಅಂಗಿಯನ್ನೂ ಬದಲಿಸುವುದು ಒಳ್ಳೆಯದು. ತೋಳುಗಳಿಗೆ ಗಾಳಿಗೆ ಅಲುಗುವ ಬಟ್ಟೆ ಕಟ್ಟಬೇಕು. ಹಕ್ಕಿಗಳು ಹೆಚ್ಚಾಗಿ ಮೇಯುವ ಬೆಳಗ್ಗೆ ಮತ್ತು ಸಂಜೆ ಯಾರಾದರೂ ತಗಡು ಬಡಿದು ಕೂಗಿದರೆ ಬೆರ್ಚಪ್ಪನ ಭಯವೂ ಉಳಿಯುತ್ತದೆ. ಮುಖಕ್ಕೆ ಬರೆಯುವ ಕೋರೆಹಲ್ಲು, ಮೀಸೆ ದಾರಿಹೋಕರ ದೃಷ್ಟಿಗೇ ಹೊರತು ಹಕ್ಕಿಗಲ್ಲ.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಗೆ ರಾಗಿ ಕೊಯ್ಲಿನ ಕಾಲದಲ್ಲಿ ತಮಿಳುನಾಡಿನ ಗಡಿ ದಾಟಿ ಆನೆಗಳು ಬರುತ್ತವೆ. ಅವಕ್ಕೆ ಬೆರ್ಚಪ್ಪ ಲೆಕ್ಕಕ್ಕಿಲ್ಲ. ಆನೆಯ ಸುಳಿವು ಸಿಕ್ಕಿದ ರಾತ್ರಿ ಹೊಲದ ಕಾವಲಿಗೆ ಹೋಗದೆ ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಈ ಭಾಗದಲ್ಲಿ ಆನೆ ತುಳಿದು ರೈತರು ಪ್ರಾಣ ಕಳೆದುಕೊಂಡದ್ದುಂಟು.