ಗದ್ದೆಯ ಕಳೆಗೆ ಗುಳ್ಳೆಯ ಊಟ

ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಬುಸ್ಸೆಂದು ಚಿಮ್ಮುವ ಅನಿಲವೇ ಅಕ್ವೇರಿಯಂ ಗಿಡಗಳ ಅನ್ನ. ಮುರ್ಡೇಶ್ವರದ ಬಿಸಿಲಿನಲ್ಲಿ ಬಾಯಾರಿದವರು ಸೋಡಾವನ್ನು ಒಂದೇ ಉಸಿರಿಗೆ ಮುಗಿಸಬಹುದು. ತೊಟ್ಟಿಯ ಗಿಡಕ್ಕೆ ಮಾತ್ರ ಸೆಕೆಂಡಿಗೊಂದು ಗುಳ್ಳೆಯಂತೆ ಉಣಿಸಬೇಕು. ಹಾಗೆ ಅಳೆದು ಬಡಿಸುವ ಪುಟ್ಟ ಸಾಧನ ನೀಡಲ್ ವಾಲ್ವ್.

ಗಾಜಿನ ತೊಟ್ಟಿಯಲ್ಲಿ ಜೊಂಪೆಯಾಗಿ ನಿಲ್ಲುವ ರೋಟಾಲಾ, ಲಿಮ್ನೋಫಿಲಾಗಳ ಬಂಧುಗಳನ್ನು ಕರಾವಳಿಯ ಭತ್ತದ ಗದ್ದೆಗಳಲ್ಲಿ ಕಳೆಯೆಂದು ಕಿತ್ತೆಸೆಯುತ್ತಾರೆ. ಗದ್ದೆಯಲ್ಲಿ ಅವಕ್ಕೇನೂ ಕೊರತೆಯಿಲ್ಲ. ಬುಡದಲ್ಲಿ ಕೊಳೆಯುವ ಸೊಪ್ಪಿದೆ, ತಲೆಗೆ ಗಾಳಿಯಿದೆ. ಪೂರ್ತಿ ಮುಳುಗಿದ ಗಿಡದ ಪಾಡು ಬೇರೆ. ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸುಮ್ಮನೆ ಇಟ್ಟ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಇದ್ದರೆ ಹೆಚ್ಚು. ಹವ್ಯಾಸಿಗಳು ಬಯಸುವುದು 20ರಿಂದ 30 ಮಿಲಿಗ್ರಾಂ. ಅದನ್ನು ಮೀರಿದರೆ ಗಿಡ ನಗುತ್ತದೆ, ಮೀನು ಸಾಯುತ್ತದೆ.

ಸಿಲಿಂಡರಿನೊಳಗೆ ಈ ಅನಿಲ ದ್ರವವಾಗಿರುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಅದರ ಒತ್ತಡ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72. ಕರಾವಳಿಯ ಬೇಸಿಗೆ 31 ಡಿಗ್ರಿ ದಾಟುವುದು ಹೊಸತೇ? ಅಲ್ಲಿಂದ ಮುಂದೆ ದ್ರವ, ಅನಿಲ ಎಂಬ ಭೇದವೇ ಅಳಿದು ಒತ್ತಡ ರಭಸದಿಂದ ಏರುತ್ತದೆ. ಆದ್ದರಿಂದ ತಪಾಸಣೆಯ ಮುದ್ರೆಯುಳ್ಳ ಸಿಲಿಂಡರೇ ಬೇಕು. ಅದನ್ನು ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಕಟ್ಟಿಡಬೇಕು.

ಈ ಒತ್ತಡವನ್ನು ಕಾರಿನ ಟಯರಿನಷ್ಟಕ್ಕೆ, ಅಂದರೆ ಸುಮಾರು 2 ಬಾರಿಗೆ ಇಳಿಸುವುದು ರೆಗ್ಯುಲೇಟರ್. ಅಲ್ಲಿಂದ ಗುಳ್ಳೆಗಳ ಲೆಕ್ಕಕ್ಕೆ ಇಳಿಸುವುದು ನೀಡಲ್ ವಾಲ್ವ್. ಒಳಗಿನ ಚೂಪು ಕಡ್ಡಿ ಸಣ್ಣ ರಂಧ್ರದೊಳಕ್ಕೆ ಹೊಕ್ಕು ದಾರಿಯನ್ನು ಕಿರಿದುಗೊಳಿಸುತ್ತದೆ. ಕೊಳ್ಳುವಾಗ ತಿರುಗಿಸಿ ನೋಡಿ. ಕಾಲು ಸುತ್ತಿಗೇ ಪೂರ್ತಿ ತೆರೆದರೆ ಅದು ಬೇಡ. ಹಲವು ಸುತ್ತು ಬೇಡುವುದೇ ಒಳ್ಳೆಯದು. ಹಿಡಿ ಅಲುಗಾಡಬಾರದು, ಕೈ ತೆಗೆದ ಮೇಲೆ ಗುಳ್ಳೆಗಳ ಗತಿ ಬದಲಾಗಬಾರದು. ಉಪ್ಪುಗಾಳಿಯ ಊರಿನಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಲೇಸು. ಏರ್ ಪಂಪಿನ ಪ್ಲಾಸ್ಟಿಕ್ ವಾಲ್ವಿಗೆ ಈ ಕೆಲಸ ಒಪ್ಪಿಸುವುದು ಬರೀ ಹುಡುಗಾಟ.

ಜೋಡಣೆಯ ಕ್ರಮ ಹೀಗೆ: ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಗಾಜಿನ ಕೊಳವೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್, ಕೊನೆಗೆ ಡಿಫ್ಯೂಸರ್. ಸಿಲಿಂಡರಿನ ಬಾಯಿಯಲ್ಲಿ ವಾಷರ್ ಇರುವುದರಿಂದ ಅಲ್ಲಿ ಟೆಫ್ಲಾನ್ ಟೇಪು ಸುತ್ತಬಾರದು. ಕೂಡುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿ. ಇನ್ನೊಂದು ಮಾತು: ನೀಡಲ್ ವಾಲ್ವ್ ನಲ್ಲಿಯಲ್ಲ. ಅನಿಲ ನಿಲ್ಲಿಸಲೆಂದು ಬಿಗಿಯಾಗಿ ತಿರುಚಿದರೆ ಸೂಜಿಯ ತುದಿ ಗಾಯಗೊಂಡು ಮತ್ತೆ ಮಾತು ಕೇಳುವುದಿಲ್ಲ. ನಿಲ್ಲಿಸುವುದು ಸೊಲೆನಾಯ್ಡಿನ ಕೆಲಸ. ದೀಪದ ಟೈಮರಿಗೇ ಅದನ್ನು ಹೊಂದಿಸಿದರೆ ಕತ್ತಲಲ್ಲಿ ಗಿಡ ಉಣ್ಣದಿರುವಾಗ ಅನಿಲವೂ ನಿಲ್ಲುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದರೂ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ನಿಜವಾದ ಅಪಾಯ ಬರುವುದು ಸಿಲಿಂಡರ್ ಬರಿದಾಗುವಾಗ. ದ್ರವ ಮುಗಿದು ಒಳಗಿನ ಒತ್ತಡ ಕುಸಿಯತೊಡಗಿದರೆ ಒಂದೇ ಹಂತದ ರೆಗ್ಯುಲೇಟರಿನಿಂದ ಹೊರಬರುವ ಒತ್ತಡ ಇಳಿಯುವ ಬದಲು ಏರುತ್ತದೆ! ಕಳಪೆ ವಾಲ್ವ್ ಅದನ್ನೆಲ್ಲ ತೊಟ್ಟಿಗೆ ಬಿಟ್ಟುಕೊಡುತ್ತದೆ. ಮನೆಯವರು ಏಳುವಷ್ಟರಲ್ಲಿ ಮೀನುಗಳು ತೇಲುತ್ತಿರುತ್ತವೆ. ಮುಳ್ಳು ಇಳಿಯಲಾರಂಭಿಸಿದ ದಿನವೇ ಸಿಲಿಂಡರ್ ಬದಲಿಸಿ. ಅನುಕೂಲವಿದ್ದವರು ಎರಡು ಹಂತದ ರೆಗ್ಯುಲೇಟರ್ ಕೊಳ್ಳಲಿ.

ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಸ್ವಲ್ಪ ಅನಿಲಕ್ಕೇ ಅದರ ಆಮ್ಲತೆ ಏರಿಬಿಡುತ್ತದೆ. ಆದ್ದರಿಂದ ಎರಡು ಸೆಕೆಂಡಿಗೊಂದು ಗುಳ್ಳೆಯಿಂದ ಶುರುಮಾಡಿ, ರಜೆಯ ದಿನ ನೋಡಿಕೊಂಡು. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಒಂದೆರಡು ಗಂಟೆ ಕಾಯಬೇಕು. ತೊಟ್ಟಿಯೊಳಗೆ ನೇತುಬಿಟ್ಟ ಪರೀಕ್ಷಾ ದ್ರವ ನೀಲಿಯಿಂದ ಹಸಿರಿಗೆ ತಿರುಗಿದರೆ ಸಾಕು. ಹಳದಿಗೆ ತಿರುಗಿದರೆ, ಅಥವಾ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದರೆ, ತಕ್ಷಣ ಅನಿಲ ನಿಲ್ಲಿಸಿ ಏರ್ ಪಂಪ್ ಹಾಕಿ.